ಪೇಢಾ ತಿನ್ನದ ಬಾಯಿ

ಗುರುಸಿದ್ದಪ್ಪನವರು ಕದ್ದು ಪೇಢಾ ತಿನ್ನುತ್ತಾರೆ ಎಂದು ಅವರ ಹೆಂಡತಿ ಅನಸೂಯಮ್ಮ ತೀರ್ಮಾನಿಸಿದ್ದರು. ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ರಕ್ತಪರೀಕ್ಷೆ ಹೋದ ಸಲ ಎಂಟು ಪಾಯಿಂಟ್ ನಾಲ್ಕು ತೋರಿಸಿತ್ತು, ಈ ಸಲ ಎಂಟು ಪಾಯಿಂಟ್ ಒಂಬತ್ತು. ಗುಳಿಗೆ ಒಂದು ದಿನವೂ ತಪ್ಪಿರಲಿಲ್ಲ. ಚಹಾಕ್ಕೆ ಸಕ್ಕರೆ ನಿಂತು ಎರಡು ವರ್ಷವಾಗಿತ್ತು.

“ಶರಣಬಸಪ್ಪನ ಆಣಿ, ಒಂದ ಪೇಢಾನೂ ಮುಟ್ಟಿಲ್ಲ.”

“ದೇವ್ರನ್ನ ಯಾಕ ನಡುವ ತರ್ತೀರಿ? ರಿಪೋರ್ಟ್ ಸುಳ್ಳ ಹೇಳ್ತದೇನ್ರಿ?”

ಕಲಬುರಗಿ ಕಡೆಯ ಈ ದಂಪತಿ ನಾಸಿಕಕ್ಕೆ ಬಂದು ಮೂವತ್ತಾರು ವರ್ಷವಾಗಿತ್ತು. ಗುರುಸಿದ್ದಪ್ಪನವರು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೆರಳಿನಿಂದಲೇ ಹಿಡಿಯುತ್ತಿದ್ದರು. ತಮ್ಮ ಬಾಯೊಳಗೆ ಮಾತ್ರ ಯಾವತ್ತೂ ನೋಡಿಕೊಂಡಿರಲಿಲ್ಲ. ಹಲ್ಲುಜ್ಜುವಾಗ ರಕ್ತ ಬಂದರೆ, ಬ್ರಶ್ ಜೋರಾಯಿತು ಎಂದು ಉಗುಳಿ ಸುಮ್ಮನಾಗುತ್ತಿದ್ದರು.

ಅನಸೂಯಮ್ಮ ತನಿಖೆ ಶುರುಮಾಡಿದರು. ವಾಕಿಂಗಿನಿಂದ ಬಂದ ಗಂಡನ ಜೇಬು ತಡವಿದರು, ಮೀಸೆ ಮೂಸಿದರು. ಹಣ್ಣಿನ ಗಾಡಿಯ ಮಹಿಬೂಬನನ್ನೂ ಬಿಡಲಿಲ್ಲ.

“ಕಾಕಿ, ಕಾಕಾ ದ್ರಾಕ್ಷಿ ಬರೀ ನೋಡಿ ಹೋಗ್ತಾರ್ರಿ,” ಎಂದ ಅವನು.

“ಎಷ್ಟೊತ್ತು ನೋಡ್ತಾರ?”

ಏನೂ ಸಿಗದಿದ್ದಾಗ ಅವರಿಗೆ ಅನುಮಾನ ಇನ್ನೂ ಗಟ್ಟಿಯಾಯಿತು. ಇಷ್ಟು ಚೆನ್ನಾಗಿ ಬಚ್ಚಿಡಬೇಕಾದರೆ ತಿನ್ನುವುದೂ ದೊಡ್ಡ ಪ್ರಮಾಣದಲ್ಲೇ ಇರಬೇಕು! ಕೊನೆಗೆ ಗಂಡನನ್ನು ಹದಿನೈದು ದಿನ ಸಂಭಾಜಿನಗರದ ಮಗಳು ವಂದನಾಳ ಕಾವಲಿನಲ್ಲಿ ಇಡುವುದೆಂದು ಠರಾಯಿಸಿ, ಬುತ್ತಿಗೆ ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ರೈಲು ಹತ್ತಿಸಿದರು.

ಗಾಡಿ ಮನ್ಮಾಡಿನಲ್ಲಿ ನಿಂತ ಕೂಡಲೇ ವಿಡಿಯೊ ಕಾಲ್ ಬಂತು.

“ಎಲ್ಲದೀರಿ? ಇಳದೀರೇನು?”

“ಸೀಟಿನ ಮ್ಯಾಲೇ ಅದೀನಿ. ರೊಟ್ಟಿ ತಿನ್ನಾಕತ್ತೀನಿ.”

“ಬಾಯಿ ತೆರೀರಿ.”

“ಮಂದಿ ನೋಡ್ತಾರ!”

“ನೋಡ್ಲಿ. ತೆರೀರಿ.”

ಗುರುಸಿದ್ದಪ್ಪನವರು ಫೋನಿಗೆ ಬಾಯಿ ತೆರೆದರು. ಎದುರು ಸೀಟಿನವರು ಊಟ ನಿಲ್ಲಿಸಿ ನೋಡಿದರು.

“ಕೆಂಪಗ ಏನದು? ಮುರಬ್ಬಾ ತಿಂದೀರಿ!”

ಗಾಡಿ ಹೊರಟು ಫೋನು ಕಡಿದುಹೋಯಿತು. ಅನಸೂಯಮ್ಮ ಆ ಕ್ಷಣವೇ ಮಗಳಿಗೆ ಫೋನು ಹಚ್ಚಿದರು. “ಸ್ಟೇಷನ್‌ನ್ಯಾಗೇ ಹಿಡೀ. ಬಾಯಿ ತೊಳಕೊಳ್ಳಾಕ ಬಿಡಬ್ಯಾಡ.”

ವಂದನಾ ಪ್ಲಾಟ್‌ಫಾರ್ಮಿನಲ್ಲೇ ಅಪ್ಪನನ್ನು ನಿಲ್ಲಿಸಿ ಮೊಬೈಲ್ ಟಾರ್ಚ್ ಹಾಕಿದಳು. ಮುರಬ್ಬಾ ಕಾಣಲಿಲ್ಲ. ಬಾತ ವಸಡು, ಅದರಿಂದ ಜಿನುಗುವ ರಕ್ತ ಕಂಡವು. ಮೇಲಿನ ಒಂದು ಹಲ್ಲು ಬೆರಳು ತಾಗಿಸಿದರೆ ಅಲುಗಾಡಿತು.

“ಪಪ್ಪಾ, ಇದು ಯಾವಾಗಿಂದ?”

“ಎರಡು ವರ್ಷ ಆತು ನೋಡು. ಅದರ ಪಾಡಿಗೆ ಅದು ಇರ್ತದ.”

ಮರುದಿನ ಬೆಳಿಗ್ಗೆ ಅವರನ್ನು ಹಲ್ಲಿನ ದವಾಖಾನೆಗೆ ಕರೆದೊಯ್ದಳು. ಅಲ್ಲಿಯ ವೈದ್ಯೆಯನ್ನು ಎಲ್ಲರೂ ‘ಡಾಕ್ಟರ್‌ಬಾಯಿ’ ಎನ್ನುತ್ತಿದ್ದರು. ಮರಾಠಿಯಲ್ಲಿ ಹೆಂಗಸರಿಗೆ ಹಾಗೆನ್ನುವುದು ವಾಡಿಕೆ. ಗುರುಸಿದ್ದಪ್ಪನವರಿಗೆ ಮಾತ್ರ ಈ ಹೆಸರು ಕನ್ನಡದಲ್ಲಿಯೇ ಹೆಚ್ಚು ಸರಿ ಎನಿಸಿತು.

“ಕಾಕಾ, ಸಕ್ಕರೆ ಕಾಯಿಲೆ ಇದೆಯಾ?” ಎಂದು ಆಕೆ ಕೇಳಿದರು.

“ಅದಕ್ಕೂ ಹಲ್ಲಿಗೂ ಏನು ಸಂಬಂಧ?”

“ಇದೆ. ವಸಡಿನ ಸೋಂಕು ಬಾಯಲ್ಲೇ ನಿಲ್ಲುವುದಿಲ್ಲ. ಅದರ ಉರಿ ಮೈಗೆಲ್ಲ ಹರಡಿ ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ಸಕ್ಕರೆ ಏರಿದರೆ ವಸಡು ಇನ್ನಷ್ಟು ಕೆಡುತ್ತದೆ. ಜಗಳಗಂಟಿ ಓರಗಿತ್ತಿಯರಿದ್ದ ಹಾಗೆ, ಒಬ್ಬಳು ಶುರುಮಾಡಿದರೆ ಇನ್ನೊಬ್ಬಳು ಸುಮ್ಮನಿರುವುದಿಲ್ಲ.”

ಗುರುಸಿದ್ದಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಅಂದ್ರೆ ಪೇಢಾ ತಿನ್ನದೆಯೂ ಸಕ್ಕರೆ ಏರಬಹುದು?”

“ಏರಬಹುದು.”

“ಚೀಟಿಯಲ್ಲಿ ಬರೆದುಕೊಡಿ.”

“ವಸಡು ಕೆಟ್ಟಿದೆ ಎಂದು ಬರೆಯಬಲ್ಲೆ. ಪೇಢಾ ವಿಷಯ ನನಗೆ ಗೊತ್ತಿಲ್ಲ.”

ಅಷ್ಟೇ ಸಾಕಾಯಿತು. ಅವರು ಹೊರಗೆ ಬಂದು ಹೆಂಡತಿಗೆ ಫೋನು ಹಚ್ಚಿ, ರಸ್ತೆಯವರೆಲ್ಲ ತಿರುಗಿ ನೋಡುವಂತೆ, “ನಾ ನಿರಪರಾಧಿ!” ಎಂದು ಕೂಗಿದರು.

ವಸಡಿನ ಕಥೆ ಕೇಳಿ ಅನಸೂಯಮ್ಮ ತಮ್ಮನ್ನೇ ಬೈದುಕೊಂಡರು. ಇಷ್ಟು ದಿನ ಗಂಡನ ಮೀಸೆ ಮೂಸಿದ್ದೇನೆ, ಬಾಯೊಳಗೆ ಒಮ್ಮೆಯೂ ಸರಿಯಾಗಿ ಇಣುಕಿಲ್ಲವಲ್ಲ! ಮರುದಿನದ ಗಾಡಿಗೇ ಬಂದಿಳಿದರು. ವಸಡಿನ ಒಳಗೆಲ್ಲ ಸ್ವಚ್ಛ ಮಾಡುವಾಗ ಗಂಡನ ಕಾಲ ಬಳಿ ನಿಂತು, “ಸಾವಕಾಶ ಮಾಡ್ರಿ” ಎಂದು ಡಾಕ್ಟರ್‌ಬಾಯಿಗೆ ಹತ್ತು ಸಲ ಹೇಳಿದರು.

ಹತ್ತನೆಯ ಸಲಕ್ಕೆ ಡಾಕ್ಟರ್‌ಬಾಯಿ, “ಕಾಕೂ, ನೀವೂ ಒಮ್ಮೆ ತೋರಿಸಿಬಿಡಿ,” ಎಂದರು.

“ನನಗ ಏನೂ ಇಲ್ರಿ,” ಎನ್ನುತ್ತಲೇ ಅನಸೂಯಮ್ಮ ಕುರ್ಚಿ ಏರಿದರು. ಡಾಕ್ಟರ್‌ಬಾಯಿ ದವಡೆಹಲ್ಲಿನ ಸಂದಿಯಿಂದ ಏನನ್ನೋ ಕಿತ್ತು ದೀಪಕ್ಕೆ ಹಿಡಿದರು.

“ಎಳ್ಳು ಚಿಕ್ಕಿ,” ಎಂದರು. “ಮೂರು ಹಲ್ಲು ಹುಳುಕಾಗಿವೆ. ದಿನಾ ಸಿಹಿ ತಿನ್ನುತ್ತೀರಾ?”

ವಂದನಾ ಕಿಟಕಿಯ ಕಡೆ ತಿರುಗಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

“ಮನೀಗೆ ಬಂದ ಸ್ವೀಟೆಲ್ಲ ಇವ್ರಿಗೆ ಸಿಗಬಾರ್ದಂತ ಬಚ್ಚಿಡ್ತಿದ್ದೆ,” ಎಂದರು ಅನಸೂಯಮ್ಮ ಸಣ್ಣ ದನಿಯಲ್ಲಿ. “ಬಚ್ಚಿಟ್ಟದ್ದು ಕೆಟ್ಟು ಹೋಗ್ತದಲ್ರಿ?”

ಗುರುಸಿದ್ದಪ್ಪನವರಿಗೆ ಬೈಯಬೇಕೆನಿಸಿತು. ಆದರೆ ಡಾಕ್ಟರರ ಸೂಜಿಗೆ ಮರಗಟ್ಟಿದ ಬಾಯಿಂದ ನಗೆ ಮಾತ್ರ ಹೊರಬಂತು, ಅದೂ ಒಂದೇ ಬದಿಯಿಂದ. ಅನಸೂಯಮ್ಮನ ಸಕ್ಕರೆಯನ್ನೂ ಪರೀಕ್ಷಿಸಿದರು. ಸದ್ಯ, ಅದು ಸರಿಯಾಗಿತ್ತು.

ಮೂರು ತಿಂಗಳ ಮೇಲೆ ಗುರುಸಿದ್ದಪ್ಪನವರ ರಿಪೋರ್ಟು ಎಂಟು ಪಾಯಿಂಟ್ ಎರಡಕ್ಕೆ ಇಳಿಯಿತು. ಅಲುಗಾಡುತ್ತಿದ್ದ ಹಲ್ಲೂ ಕೂತುಕೊಂಡಿತು. “ಗುಳಿಗೆ, ಪಥ್ಯ, ನಡಿಗೆ ಯಾವುದನ್ನೂ ಬಿಡುವ ಹಾಗಿಲ್ಲ, ಆದರೆ ವಸಡಿನ ಚಿಕಿತ್ಸೆಯಿಂದ ಲಾಭ ಆಗಿದೆ,” ಎಂದರು ನಾಸಿಕದ ಡಾಕ್ಟರು. ಆ ಕಾಗದ ಹಿಡಿದು ದಂಪತಿ ಮತ್ತೆ ಡಾಕ್ಟರ್‌ಬಾಯಿಯ ಬಳಿ ಹೋದರು. ಅನಸೂಯಮ್ಮನ ಮೂರನೆಯ ಹಲ್ಲಿಗೆ ಸಿಮೆಂಟು ತುಂಬಿಸುವುದು ಬಾಕಿಯಿತ್ತು.

ವಾಪಸು ಗಾಡಿಯಲ್ಲಿ ಅನಸೂಯಮ್ಮನ ನಾಲಿಗೆ, ಕೆನ್ನೆ ಎರಡೂ ಮರಗಟ್ಟಿದ್ದವು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗುರುಸಿದ್ದಪ್ಪನವರಿಗೆ ಮೊದಲ ಬಾರಿ ಅಡ್ಡಮಾತಿಲ್ಲದೆ ಮಾತಾಡುವ ಅವಕಾಶ ಸಿಕ್ಕಿತ್ತು. ಉತ್ಸಾಹದಿಂದ ಶುರುಮಾಡಿದರು. ಅರ್ಧ ತಾಸಿಗೆ ಲಾಸೂರ್ ಸ್ಟೇಷನ್ ಬರುವಷ್ಟರಲ್ಲಿ ಹೇಳಬೇಕಾದದ್ದೆಲ್ಲ ಮುಗಿದುಹೋಯಿತು.

“ನೀನರ ಏನಾರ ಮಾತಾಡು,” ಎಂದರು.

ಅನಸೂಯಮ್ಮ ಊದಿದ ಕೆನ್ನೆಯನ್ನು ಬೆರಳಿನಿಂದ ತೋರಿಸಿ, ಆರಾಮಾಗಿ ಕಿಟಕಿಯಾಚೆ ನೋಡತೊಡಗಿದರು.