ನೆಟ್ಟಗಿದ್ದ ಬೈಕು ಬಿತ್ತು ಅಂದ ಪೆಟ್ಟಿಗೆ

ಏ ತಂಗಿ, ನನ್ನ ಅಳಿಯಂದಿರು ಈಗಲಾದ್ರೂ ಮಾತಾಡ್ತಾರಾ ಅಂತ ಕೇಳಿದೆಯಲ್ಲ, ಕೇಳಿಸ್ಕೋ. ಎಣ್ಣೆ ಸೀಗೇಕಾಯಿ ಅಂತಾರೆ, ಅವಾದ್ರೂ ಒಂದೇ ತಲೆ ಮೇಲೆ ಕೂರ್ತವೆ. ಇವು ಅದೂ ಇಲ್ಲ.

ದೊಡ್ಡೋನು ಇಂಜಿನ್ ಮೆಕ್ಯಾನಿಕ್ಕು. ಚಿಕ್ಕೋನದು ವೈರಿಂಗು, ಸೆನ್ಸರು. ಷಡ್ಕರಿಬ್ಬರೂ ಒಂದೇ ಶೆಡ್ಡು, ಒಂದೇ ರೇಸ್ ಬೈಕು. ಮಾತು ಮಾತ್ರ ನನ್ನ ಮೂಲಕ.

"ಮಾವ, ನನ್ನ ಸ್ಪ್ಯಾನರ್ ಮುಟ್ಟಬೇಡ ಅಂತ ಹೇಳಿ ಅವನಿಗೆ."

"ಮಾವ, ಆ ಗ್ರೀಸ್ ಕೈಲಿ ಲ್ಯಾಪ್‌ಟಾಪ್ ಮುಟ್ಟಬೇಡ ಅಂತ ಹೇಳಿ."

ನಾನೇನು ಪೋಸ್ಟ್‌ಮ್ಯಾನಾ?

ಬೈಕ್ ಓಡಿಸೋಳು ದೊಡ್ಡೋನ ಮಗಳು. ಸ್ಪೀಡ್ ಏರಿದ್ರೆ ಇಂಜಿನ್ ಗಪ್ ಅಂತ ನಿಂತುಬಿಡ್ತಿತ್ತು. ಒಂದ್ಸಲ ತಿರುವಲ್ಲೇ ನಿಂತು ಹುಡುಗಿ ಹಾರಿಬಿದ್ದು ಭುಜದ ಮೂಳೆ ಮುರ್ಕೊಂಡ್ಳು. ಇನ್ನೊಂದ್ಸಲ ಬಿದ್ರೆ ಕತ್ತೇ ಮುರಿಯೋದು.

ಸೀಟಿನಡಿ ಬೆಂಕಿಪೊಟ್ಟಣದಷ್ಟು ಒಂದು ಸೆನ್ಸರ್ ಇದೆ. ಬೈಕ್ ಅಡ್ಡಬಿದ್ರೆ ಇಂಜಿನ್ ಆಫ್ ಮಾಡೋದು ಅದರ ಕೆಲಸ. ಇಂಜಿನ್ ಜೋರಾಗಿ ನಡುಗಿದ್ರೆ ಅದಕ್ಕೆ ತಲೆ ತಿರುಗಿ, ನೆಟ್ಟಗಿರೋ ಬೈಕನ್ನೇ ಬಿತ್ತು ಅಂದ್ಕೊಳ್ಳುತ್ತೆ. ಅದಕ್ಕೇ ಚಿಕ್ಕೋನು ನಡುಕ ತಟ್ಟದಿರಲಿ ಅಂತ ಅದರಡಿ ಮೆತ್ತನೆ ರಬ್ಬರ್ ಬಿಲ್ಲೆ ಇಟ್ಟ. ಆದ್ರೂ ನಿಲ್ತು. ಸೆನ್ಸರೇ ಬದಲಾಯಿಸಿ ಹೊಸ ರಬ್ಬರ್ ಇಟ್ಟ. ಮತ್ತೂ ನಿಲ್ತು, ಹುಡುಗಿ ಬಿದ್ದಿದ್ದು ಆವಾಗಲೇ.

"ಮಾವ, ಇವನು ನನ್ನ ಮಗಳನ್ನ ಕೊಲ್ತಾನೆ. ಶೆಡ್ಡಿಂದ ಆಚೆ ಹಾಕಿ."

"ಕುಣಿಯೋಕೆ ಬಾರದೋನು ನೆಲ ಡೊಂಕು ಅಂದನಂತೆ. ಅಷ್ಟು ನಡುಗೋ ಇಂಜಿನ್ ಕಟ್ಟಿದ್ಯಾರು ಕೇಳಿ ಮಾವ."

ಮೂಳೆ ಕೂಡಿದ ಮೇಲೆ ಹುಡುಗಿ ಮತ್ತೆ ಟ್ರ್ಯಾಕಿಗೆ ಹೊರಟ್ಳು. ಹೆಲ್ಮೆಟ್ ಗಾಜು ಒರೆಸೋಕೆ ಅಪ್ಪನ ಜೇಬಿಂದ ಬಟ್ಟೆ ಎಳೆದ್ಳು ನೋಡು, ಜೊತೆಗೆ ಕರೀ ರಬ್ಬರ್ ಬಿಲ್ಲೆಗಳು ಪಟಪಟ ಅಂತ ನೆಲಕ್ಕೆ ಬಿದ್ವು.

"ಏನಪ್ಪಾ ಇದು?"

"ಸೀಟಿನಡಿ ಆ ಪೆಟ್ಟಿಗೆ ಲೊಡಲೊಡ ಅಲ್ಲಾಡ್ತಿರುತ್ತೆ. ಪ್ರತಿ ಸಲ ಇವನ್ನ ಕಿತ್ತು ಜೇಬಿಗೆ ಹಾಕಿ ನಾನೇ ಬಿಗಿ ಮಾಡ್ತೀನಿ. ಕೆಲವರಿಗೆ ನಟ್ಟು ಬಿಗಿಯೋಕೂ ಬರಲ್ಲ."

ಚಿಕ್ಕೋನ ಮುಖ ಸುಣ್ಣವಾಯ್ತು. "ಮಾವ, ಅದು ಬೇಕಂತ್ಲೇ ಇಟ್ಟಿದ್ದು! ಕೀಳೋ ಮುಂಚೆ ಯಾಕೆ ಕೇಳ್ಲಿಲ್ಲ, ಕೇಳಿ!"

"ಇಟ್ಟೋನು ಯಾಕೆ ಹೇಳ್ಲಿಲ್ಲ, ಕೇಳಿ ಮಾವ!"

ಹುಡುಗಿ ಹೆಲ್ಮೆಟ್ಟನ್ನ ಅಪ್ಪನ ಹೊಟ್ಟೆಗೆ ಗುದ್ದಿದ್ಳು. "ಈಗ ಬಿಗಿಯಾಗೇ ಇದೆಯಲ್ಲ? ನೀನೇ ಓಡಿಸು. ತಿರುವು ಬೇಡ, ನೇರಕ್ಕೆ ಹೋಗು ಸಾಕು."

ಹೋದ. ಸದ್ದು ಏರ್ತಾ ಏರ್ತಾ ಗಪ್! ಹೆಲ್ಮೆಟ್ಟೊಳಗೆ ಬೆವರು ಸುರಿಸ್ಕೊಂಡು ಬೈಕ್ ತಳ್ತಾ ಬಂದ. ಮಗಳು ತಳ್ಳೋಕೆ ಕೈ ಜೋಡಿಸಲಿಲ್ಲ.

ಸೀಟ್ ಕಿತ್ತ, ನಟ್ಟು ಸಡಿಲಿಸಿದ, ನನ್ನ ಕಡೆ ನೋಡಿದ. "ಮಾವ, ಎಷ್ಟು ಬಿಗೀಬೇಕಂತೆ ಕೇಳಿ."

ರಬ್ಬರ್ ಹುಡುಗಿ ಮುಷ್ಟಿಯಲ್ಲಿತ್ತು. "ತಾತ ಕೇಳಲ್ಲ. ಬೀಳೋದು ನನ್ನ ಮೈ. ನೀನೇ ಕೇಳು, ಆಮೇಲೆ ಕೊಡ್ತೀನಿ."

ದೊಡ್ಡೋನು ಸ್ಪ್ಯಾನರ್ ಒರೆಸಿದ.

"ಎಷ್ಟೋ?" ಅಂದ, ನೆಲಕ್ಕೆ ಅಂದ ಹಾಗೆ.

"ಬೆರಳಲ್ಲಿ ಬಿಗಿದು, ಮೇಲೆ ಅರ್ಧ ಸುತ್ತು. ಕೂದಲೆಳೆ ಹೆಚ್ಚಾದ್ರೂ ಬೆರಳು ಮುರೀತೀನಿ."

"ಮುರಿ ನೋಡೋಣ," ಅಂತ ಹಲ್ಲು ಕಡಿದ. ಆದ್ರೆ ಮಗಳು ಕೊಟ್ಟ ರಬ್ಬರ್ ಇಟ್ಟು ತಿರುಗಿಸಿದ್ದು ಅರ್ಧ ಸುತ್ತೇ.

ಹುಡುಗಿ ಓಡಿಸಿದ್ಳು. ಎಷ್ಟು ಸುತ್ತು ಹೊಡೆದ್ರೂ ಸದ್ದು ನಿಲ್ಲಲಿಲ್ಲ. ಅಳಿಯಂದಿರಿಬ್ಬರೂ ಟ್ರ್ಯಾಕಿನ ಬೇಲಿಯ ಎರಡು ತುದೀಲಿ ನಿಂತು ಕಿವಿಗೊಟ್ಟಿದ್ರು.

ಮಾತಾಡ್ತಾರಾ ಅಂದೆಯಲ್ಲ? ಆಡ್ತಾರೆ. ಬೈಕ್ ಹೊರಡೋ ಮುಂಚೆ "ಅರ್ಧ ಸುತ್ತೇನೋ?" ಅಂತಾನೆ ಒಬ್ಬ. "ಅರ್ಧ, ಕಳ್ಳ ನನ್ಮಗನೆ," ಅಂತಾನೆ ಇನ್ನೊಬ್ಬ. ಅಷ್ಟೂ ಆಗದೆ ಹುಡುಗಿ ಕೀ ತಿರುಗಿಸಲ್ಲ.