ತಟ್ಟಿದ ಮೇಲೆ

ಮುನಿಲಕ್ಷ್ಮಿಯ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಸದ್ದಿನಿಂದ. ಬೀಳುವ ಸದ್ದು. ಅವಳ ಓರಗಿತ್ತಿ ಆಶಾರಾಣಿ ಕ್ಲಾಸಿಗೆ ಸೇರಿದ ಮೊದಲ ವಾರವೇ, ರಾಗಿಹುಲ್ಲು ತುಂಬಿದ ಗೋಣಿಚೀಲಗಳ ಮೇಲೆ ಹಿಂದಕ್ಕೆ ಬಿದ್ದಾಗ ಧಪ್ ಎಂದು ಒಂದೇ ಒಂದು ಸದ್ದಾಯಿತು. ಗದ್ದ ಎದೆಗೆ ಒತ್ತಿಕೊಂಡಿತ್ತು, ಎರಡೂ ತೋಳು ಅಕ್ಕಪಕ್ಕ ಬಡಿದಿದ್ದವು, ತಲೆ ನೆಲ ಮುಟ್ಟಿರಲಿಲ್ಲ. ಹಾಗೆ ಬೀಳುವುದನ್ನು ಕಲಿಯಲು ಮುನಿಲಕ್ಷ್ಮಿಗೆ ಎಂಟು ತಿಂಗಳು ಹಿಡಿದಿತ್ತು. ಬೀಳುವುದಕ್ಕೂ ಹೊಟ್ಟೆ ಉರಿದುಕೊಳ್ಳುವವರುಂಟೇ ಎಂದು ಯಾರಾದರೂ ನಗಬಹುದು. ನಗಲಿ. ಎಂಟು ತಿಂಗಳು ಬಿದ್ದು ಸೊಂಟ ನೋಯಿಸಿಕೊಂಡವರಿಗೆ ಗೊತ್ತು ಅದರ ಬೆಲೆ.

ಹೆಂಗಸರ ಆತ್ಮರಕ್ಷಣೆಯ ಆ ಕ್ಲಾಸು ನಡೆಯುತ್ತಿದ್ದದ್ದು ತಾಯಲೂರಿನ ಪಕ್ಕದಲ್ಲಿ, ಮುನಿಲಕ್ಷ್ಮಿಯ ಮನೆಯವರ ಹುಳುಮನೆಯಲ್ಲಿ. ರೇಷ್ಮೆ ಹುಳು ಸಾಕುವ ಉದ್ದನೆಯ ಶೆಡ್ಡು ಅದು. ಹುಳು ಇದ್ದಾಗ ಚಪ್ಪಲಿ ಕೂಡ ಒಳಗೆ ಹೋಗುವಂತಿಲ್ಲ. ಆದರೆ ಒಂದು ಬೆಳೆ ಮುಗಿದು, ಗೂಡು ಕೋಲಾರದ ಮಾರ್ಕೆಟ್ಟಿಗೆ ಹೋಗಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ಮೇಲೆ ಹತ್ತು ಹನ್ನೆರಡು ದಿನ ಖಾಲಿ ಇರುತ್ತದೆ. ಆ ಹತ್ತು ಹನ್ನೆರಡು ದಿನವೇ ಕ್ಲಾಸು. ಹದಿನೆಂಟು ಜನ ಹೆಂಗಸರು, ಹೆಣ್ಣುಮಕ್ಕಳು. ಮಿಕ್ಕ ದಿನಗಳಲ್ಲಿ ಅವರವರ ಮನೆಯಲ್ಲಿ, ಹಿತ್ತಿಲಲ್ಲಿ, ದನದ ಕೊಟ್ಟಿಗೆಯ ಮುಂದೆ ಒಬ್ಬೊಬ್ಬರೇ ಮಾಡಿಕೊಳ್ಳಬೇಕು.

"ಪಾಠ ನಿಲ್ಲಬೋದು, ಅಭ್ಯಾಸ ನಿಲ್ಲಬಾರ್ದು. ಹುಳು ಒಂದಿನ ಸೊಪ್ಪು ಬಿಟ್ರೆ ಗೂಡು ಕಟ್ಟುತ್ತಾ?" ಎನ್ನುತ್ತಿದ್ದರು ಕೋದಂಡರಾಮಪ್ಪ ಮೇಷ್ಟ್ರು.

ಮೇಷ್ಟ್ರು ಪೊಲೀಸರಿಗೆ ಡ್ರಿಲ್ ಕಲಿಸಿ ರಿಟೈರಾದವರು. ಐದು ವರ್ಷದ ಹಿಂದೆ ಮುಳಬಾಗಿಲಿನಿಂದ ಬರುವ ಬಸ್ಸಿನಲ್ಲಿ ಯಾರೋ ಒಬ್ಬ ಮುನಿಲಕ್ಷ್ಮಿಯ ಸೊಂಟಕ್ಕೆ ಕೈಹಾಕಿದ್ದ. ಅವಳ ಬಾಯಿ ಕಟ್ಟಿಹೋಗಿತ್ತು. ಇಳಿದ ಮೇಲೆ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತು ಅಳುತ್ತಿದ್ದವಳನ್ನು ಕಂಡು ಮೇಷ್ಟ್ರು, "ಅತ್ತಿದ್ ಸಾಕು, ನಾಳೆ ಬಾರಮ್ಮ, ಬೀಳೋದ್ ಕಲಿಸ್ತೀನಿ" ಅಂದಿದ್ದರು. ಹೊಡೆಯುವುದನ್ನಲ್ಲ, ಬೀಳುವುದನ್ನು. ಹಾಗೆ ಒಬ್ಬಳಿಂದ ಶುರುವಾದ ಕ್ಲಾಸು ಇದು. ಅತ್ತೆ ಅನಸೂಯಮ್ಮನ ಕೈಕಾಲು ಹಿಡಿದು ಹುಳುಮನೆ ಕೊಡಿಸಿದವಳೂ ಅವಳೇ. ಮದುವೆ, ಮನೆ, ಹೊಲ ಎಲ್ಲವೂ ಯಾರೋ ತೀರ್ಮಾನ ಮಾಡಿ ಕೊಟ್ಟದ್ದು. ಇದೊಂದು ಮಾತ್ರ ತನ್ನದು ಎಂದು ಅವಳು ನಂಬಿದ್ದಳು.

ಆ ತನ್ನದರೊಳಕ್ಕೆ ಆಶಾರಾಣಿ ಬಂದಳು. ಮೈದುನ ಕದಿರೇಶನ ಹೆಂಡತಿ, ಶ್ರೀನಿವಾಸಪುರದ ಕಡೆಯ ಹುಡುಗಿ, ಎಂಟು ವರ್ಷ ಚಿಕ್ಕವಳು. ಕರೆತಂದವಳು ಮುನಿಲಕ್ಷ್ಮಿಯೇ, ಹೊಸ ಸೊಸೆಗೆ ತನ್ನ ದೊಡ್ಡಸ್ತಿಕೆ ತೋರಿಸೋಣ ಎಂದು. ಎರಡು ವರ್ಷದಲ್ಲಿ ಏನಾಯಿತೆಂದರೆ, ಯಾವ ಪಟ್ಟು ತೋರಿಸಬೇಕಾದರೂ "ಮುನಿಲಕ್ಷ್ಮೀ, ಕೈ ಕೊಡು" ಎನ್ನುತ್ತಿದ್ದ ಮೇಷ್ಟ್ರು ಈಗ "ಆಶಾ, ಬಾಮ್ಮ" ಎನ್ನತೊಡಗಿದರು. ಅವರು ಹಾಗೆ ಕರೆದಾಗಲೆಲ್ಲ ಮುನಿಲಕ್ಷ್ಮಿಯ ಬಲಗೈ ತಾನಾಗಿ ಅರ್ಧ ಎದ್ದು ಮತ್ತೆ ಇಳಿಯುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದಳು. ಒಮ್ಮೆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಅತ್ತೆ ನೋಡಿದ್ದಳು.

"ಮುಂದೊಚ್ಚಿನ ಚೆವುಲ ಕನ್ನಾ ವೆನಕೊಚ್ಚಿನ ಕೊಮ್ಮುಲು ವಾಡಿ," ಎಂದಳು ಅನಸೂಯಮ್ಮ ಅವರೆಕಾಯಿ ಸುಲಿಯುತ್ತಾ. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಚೂಪು. ತೆಲುಗಿನಲ್ಲಿ ಹೇಳಿದರೆ ಬೇರೆಯವರ ಮಾತು, ತನ್ನದಲ್ಲ ಎಂಬುದು ಅವಳ ಲೆಕ್ಕ. ಮುನಿಲಕ್ಷ್ಮಿಗೆ ಎರಡು ರಾತ್ರಿ ಅನ್ನ ಸೇರಲಿಲ್ಲ.

ಇಷ್ಟಾದರೂ ನುಂಗಿಕೊಂಡಿದ್ದಳು. ನುಂಗಲಾಗದ್ದು ಬಂದದ್ದು ಚೈತ್ರದ ಬೆಳೆಗೆ ಮುಂಚೆ. ಮೇಷ್ಟ್ರ ಮಂಡಿಗೆ ಆಪರೇಷನ್ ಆಗಬೇಕಾಗಿತ್ತು. "ಈ ಬೆಳೆ ಮುಗೀಲಿ. ಆಮೇಲೆ ನಿಮ್ಮಲ್ಲೇ ಒಬ್ಬರ ಕೈಗೆ ಈ ಕೋಲು ಕೊಡ್ತೀನಿ. ಕ್ಲಾಸು ಅವ್ಳೇ ನಡೆಸ್ಬೇಕು" ಎಂದು ತಮ್ಮ ಬಿದಿರು ಕೋಲನ್ನು ನೆಲಕ್ಕೆ ಕುಟ್ಟಿದರು. ಆ ಕೋಲು ಮೂರು ಸಲ ಕುಟ್ಟಿದರೆ ಕ್ಲಾಸು ಶುರು, ಒಂದು ಸಲ ಕುಟ್ಟಿದರೆ ನಿಲುಗಡೆ. ಹದಿನೇಳು ಜೋಡಿ ಕಣ್ಣು ಆಶಾರಾಣಿಯ ಕಡೆ ತಿರುಗಿದವು. ಮುನಿಲಕ್ಷ್ಮಿ ತಾನೂ ತಿರುಗಿ ನೋಡಿದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟಾದಳು.

ಮರುದಿನವೇ ಚಾಕಿ ಹುಳು, ಅಂದರೆ ಎಳೆಯ ಹುಳು, ಬರಬೇಕಿತ್ತು. ಅದು ಆ ಸಲದ ಕೊನೆಯ ಕ್ಲಾಸು. ಜೋಡಿ ಜೋಡಿಯಾಗಿ ಮಣಿಕಟ್ಟಿನ ಪಟ್ಟು ಮಾಡುತ್ತಿದ್ದರು. ಆಶಾರಾಣಿಯ ಬಲ ಮಣಿಕಟ್ಟು ಮುನಿಲಕ್ಷ್ಮಿಯ ಕೈಯಲ್ಲಿತ್ತು. ಈ ಪಟ್ಟಿನಲ್ಲಿ ಒಂದು ನಿಯಮ. ನೋವು ತಾಳಲಾಗದ ಗಳಿಗೆಗೆ ಸಿಕ್ಕಿಕೊಂಡವಳು ಎರಡು ಸಲ ತಟ್ಟುತ್ತಾಳೆ, ನೆಲವನ್ನೋ ಎದುರಾಳಿಯ ತೋಳನ್ನೋ. ತಟ್ಟಿದ ತಕ್ಷಣ ಬಿಡಬೇಕು. ಯಾಕೆ, ಏನು, ಇಲ್ಲ. ಹಿಡಿಯುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ, ಬಿಡುವುದೇ ವಿದ್ಯೆ ಎಂದು ಮೇಷ್ಟ್ರು ಸಾವಿರ ಸಲ ಹೇಳಿದ್ದರು. ಹೊಸಬರಿಗೆ ಆ ಮಾತನ್ನು ತಿರುಗಿಸಿ ಹೇಳುತ್ತಿದ್ದವಳು ಮುನಿಲಕ್ಷ್ಮಿಯೇ.

ಆಶಾರಾಣಿ ತಟ್ಟಿದಳು. ಟಪ್, ಟಪ್.

ಮುನಿಲಕ್ಷ್ಮಿ ಕೇಳಿಸಿಕೊಂಡಳು. ಚೆನ್ನಾಗಿಯೇ ಕೇಳಿಸಿಕೊಂಡಳು. ಆದರೂ ಕೈ ಬಿಡಲಿಲ್ಲ. ಎಷ್ಟು ಹೊತ್ತು? ಒಂದು ಉಸಿರು. ಆ ಒಂದು ಉಸಿರಿನಲ್ಲಿ ಎರಡು ವರ್ಷದ ಕಿಚ್ಚೆಲ್ಲ ಅವಳ ಬೆರಳಿಗೆ ಇಳಿಯಿತು, ಇನ್ನೂ ಒಂದು ಚೂರು ತಿರುವಿದಳು. ಒಳಗೆ ಏನೋ ಲಟಕ್ ಎಂದಿತು. ಆಶಾರಾಣಿ ಕೂಗಲಿಲ್ಲ. ಬಿಡಿಸಿಕೊಂಡ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ಓರಗಿತ್ತಿಯ ಮುಖವನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಮೇಷ್ಟ್ರು ಕೋಲು ಕುಟ್ಟಿ ಕ್ಲಾಸು ಮುಗಿಸಿದರು.

ರಾತ್ರಿಯ ಹೊತ್ತಿಗೆ ಮಣಿಕಟ್ಟು ಬದನೆಕಾಯಿಯಂತೆ ಊದಿತ್ತು. "ಅಯ್ಯೋ ದೇವುಡಾ, ಏನ್ಮಾಡ್ಕೊಂಡ್ಯೇ?" ಎಂದು ಅತ್ತೆ ಕಿರುಚಿದಳು. ಮುನಿಲಕ್ಷ್ಮಿ ಒಲೆಯ ಮುಂದೆ ಉಸಿರು ಬಿಗಿಹಿಡಿದು ನಿಂತಳು.

"ಹಿಪ್ಪುನೇರಳೆ ತೋಟದಲ್ಲಿ ಜಾರಿ ಬಿದ್ದೆ ಅತ್ತೆ," ಎಂದಳು ಆಶಾರಾಣಿ.

ಹುಳು ಬಂದವು, ಬೆಳೆದವು. ಸೊಪ್ಪು ಕತ್ತರಿಸುವುದು, ಹೊರುವುದು, ಹಾಕುವುದು ಎಲ್ಲ ಮುನಿಲಕ್ಷ್ಮಿಯ ತಲೆಗೆ ಬಿತ್ತು. ಮಾಡಿದ್ದುಣ್ಣೋ ಮಹರಾಯ. ಕೆಲಸದಿಂದ ಸೊಂಟ ಬಿದ್ದುಹೋದರೂ ಒಳಗೊಳಗೇ ಒಂದು ಸಮಾಧಾನ ಇತ್ತು, ಸುಳ್ಳೇಕೆ ಹೇಳಬೇಕು. ಮುರುಕು ಕೈಯವಳಿಗೆ ಯಾರು ಕೋಲು ಕೊಡುತ್ತಾರೆ? ಆದರೆ ಒಂದು ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದಾಗ ಆ ಸಮಾಧಾನವೂ ಹೋಯಿತು. ಆಶಾರಾಣಿ ಬಲಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎಡಗೈಯಲ್ಲೇ ಎಲ್ಲ ವರಸೆಗಳನ್ನೂ ಮಾಡುತ್ತಿದ್ದಳು. ನಿಧಾನಕ್ಕೆ, ತಪ್ಪಿದರೆ ಮತ್ತೆ ಮೊದಲಿನಿಂದ. ಮುನಿಲಕ್ಷ್ಮಿಗೆ ನೆನಪಾಯಿತು: ಹುಳು ಬಂದ ದಿನದಿಂದ ತಾನು ಒಂದು ಸಲವೂ ಅಭ್ಯಾಸ ಮಾಡಿರಲಿಲ್ಲ.

ಮೊಟ್ಟೆಯೊಡೆದ ಇಪ್ಪತ್ತಮೂರನೇ ದಿನ ಹುಳು ಹಣ್ಣಾದವು. ಹಣ್ಣಾದ ಹುಳು ಕಾಯುವುದಿಲ್ಲ, ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಮನೆಯವರೆಲ್ಲ ಕೂತರು. ಆಶಾರಾಣಿಯೂ ಬಂದು ಎಡಗೈಯಿಂದ ಆರಿಸತೊಡಗಿದಳು. ಮಧ್ಯಾಹ್ನ ಇಬ್ಬರೇ ಉಳಿದಾಗ ಮುನಿಲಕ್ಷ್ಮಿ ತಡೆಯಲಾರದೆ ಕೇಳಿದಳು.

"ಯಾಕೇ ಸುಳ್ಳೇಳ್ದೆ ಅವತ್ತು?"

ಆಶಾರಾಣಿ ಹುಳುವಿನಿಂದ ಕಣ್ಣೆತ್ತಲಿಲ್ಲ. "ನಿಜ ಹೇಳಿದ್ರೆ ಭಾವಂಗೂ ಇವ್ರಿಗೂ ಮಾತು ಬೆಳೀತಿತ್ತು. ಅತ್ತೆ ಕ್ಲಾಸಿಗೇ ಬೀಗ ಹಾಕಿಸ್ತಿದ್ರು. ಹದಿನೆಂಟು ಜನ ಎಲ್ಲಿಗೋಗ್ಬೇಕಕ್ಕ?"

ಹದಿನೆಂಟು ಜನ! ಮುನಿಲಕ್ಷ್ಮಿ ಕಟ್ಟಿದ ಕ್ಲಾಸನ್ನು ಉಳಿಸುವ ಚಿಂತೆ ಇವಳಿಗೆ! ಬೇರೆಯವರಿಗಾಗಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತೇನೋ. ಮುನಿಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು.

ಗೂಡು ಮಾರ್ಕೆಟ್ಟಿಗೆ ಹೋಯಿತು. ಶೆಡ್ಡು ತೊಳೆದಾಯಿತು. ಗೋಣಿಚೀಲಗಳನ್ನು ಮತ್ತೆ ಹಾಸಿದರು. ಮೇಷ್ಟ್ರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ನಾಲ್ಕೈದು ಜನರನ್ನು ಒಬ್ಬೊಬ್ಬರನ್ನಾಗಿ ಕರೆದರು. ಮುನಿಲಕ್ಷ್ಮಿ ಮಾಡಿದಳು, ಮೂರನೇ ವರಸೆಯಲ್ಲಿ ಹೆಜ್ಜೆ ತಪ್ಪಿತು, ಮೇಷ್ಟ್ರು ಹುಬ್ಬೆತ್ತಿದರು. ಕೊನೆಗೆ ಆಶಾರಾಣಿ. ಎಡಗೈಯಲ್ಲಿ ಮಾಡಿದಳು. ಒಂದೂ ತಪ್ಪಲಿಲ್ಲ. ಹೆಣ್ಣುಮಕ್ಕಳು ಚಪ್ಪಾಳೆ ಹೊಡೆದೇಬಿಟ್ಟರು.

"ಬಲಗೈಗೆ ಏನಾಯ್ತಮ್ಮ?" ಎಂದರು ಮೇಷ್ಟ್ರು.

"ಜಾರಿ ಬಿದ್ದೆ ಸಾರ್. ತೋಟದಲ್ಲಿ."

ಮೇಷ್ಟ್ರು ಬಗ್ಗಿ ಅವಳ ಮಣಿಕಟ್ಟನ್ನು ನೋಡಿದರು. "ಕೈ ಊರಿ ಬಿದ್ಯಾ?"

ಆಶಾರಾಣಿ ತಲೆ ತಗ್ಗಿಸಿದಳು. ಇಂಥ ಪ್ರಶ್ನೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಮೊದಲನೇ ದಿನದ ಮೊದಲನೇ ಪಾಠ ಅದು: ಬೀಳುವಾಗ ಕೈ ಊರಬೇಡ. ಆ ಶೆಡ್ಡಿನಲ್ಲಿ ಪುಟ್ಟ ಮಕ್ಕಳೂ ಕೈ ಊರುತ್ತಿರಲಿಲ್ಲ.

"ಹೂಂ ಸಾರ್."

"ಎರಡು ವರ್ಷ ಬೀಳೋದ್ ಕಲಿಸಿದೀನಿ ನಿಂಗೆ." ಮೇಷ್ಟ್ರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. "ವರಸೆ ಎಷ್ಟು ಚಂದ ಇದ್ರೇನು? ಬೀಳೋ ಹೊತ್ತಿಗೆ ಅದು ಮೈಗೆ ಬರ್ಲಿಲ್ಲ ಅಂದ್ರೆ ಮಕ್ಕಳಿಗೇನು ಕಲಿಸ್ತೀಯ? ಹೋಗು, ಕೂತ್ಕೋ." ಎಂದು ಕೋಲನ್ನೆತ್ತಿ ಈ ಕಡೆ ತಿರುಗಿದರು. "ಮುನಿಲಕ್ಷ್ಮೀ, ಬಾ."

ಅವಳು ಎದ್ದಳು. ಐದು ವರ್ಷ ಕಾದ ಮಾತು ಅದು. ನಾಲ್ಕು ಹೆಜ್ಜೆ ನಡೆದು ಕೈ ಚಾಚಿದರೆ ಮುಗಿಯಿತು. ಆಶಾರಾಣಿ ಬಾಯಿ ಬಿಡುವುದಿಲ್ಲ, ಅದು ಖಂಡಿತ. ಸಾಯುವತನಕ ಬಿಡುವುದಿಲ್ಲ. ಒಂದೇ ಒಲೆಯ ಮುಂದೆ ಇಬ್ಬರೂ ಮುದ್ದೆ ತೊಳಸುತ್ತಾ ಮುದುಕಿಯರಾಗುತ್ತಾರೆ. ತನ್ನ ಕೈಯಲ್ಲಿ ಕೋಲು, ಆಶಾರಾಣಿಯ ಹೊಟ್ಟೆಯಲ್ಲಿ ಆ ಸುಳ್ಳು. ಆಗ ದೊಡ್ಡವಳು ಯಾರು?

ಅದು ಹೊಳೆದದ್ದೇ ತಡ, ಮುನಿಲಕ್ಷ್ಮಿಯ ಕಾಲು ನಿಂತುಬಿಟ್ಟಿತು. ಅವಳಿಗೆ ಪಶ್ಚಾತ್ತಾಪವಾಯಿತೆಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಆದದ್ದು ಹೊಟ್ಟೆಕಿಚ್ಚೇ. ಆಶಾರಾಣಿ ಬೀಳುವುದರಲ್ಲಿ ಗೆದ್ದಳು, ವರಸೆಯಲ್ಲಿ ಗೆದ್ದಳು, ಈಗ ಸೋಲುವುದರಲ್ಲೂ ಇವಳೇ ಗೆಲ್ಲಬೇಕೇ? ಈ ದೊಡ್ಡತನವನ್ನೂ ಇವಳ ಪಾಲಿಗೇ ಬಿಡಬೇಕೇ?

"ಅವಳು ಬಿದ್ದಿಲ್ಲ ಸಾರ್," ಎಂದಳು, ಜಗಳಕ್ಕೆ ನಿಂತವಳ ದನಿಯಲ್ಲಿ. "ಮುರಿದದ್ದು ನಾನು. ಅವಳು ತಟ್ಟಿದ್ಲು. ಎರಡು ಸಲ ತಟ್ಟಿದ್ಲು. ನನಗೆ ಕೇಳಿಸ್ತು. ಬಿಡ್ಲಿಲ್ಲ."

ಮೇಷ್ಟ್ರು ಎತ್ತಿದ್ದ ಕೋಲನ್ನು ಮತ್ತೆ ತೊಡೆಯ ಮೇಲಿಟ್ಟರು. ಬೈಗುಳಕ್ಕೆ ಅವಳು ತಯಾರಾಗಿದ್ದಳು. ಅವರು ಬೈಯಲಿಲ್ಲ. "ಕೊನೇ ಸಾಲಿಗೆ ಹೋಗು. ಹೊಸಬರ ಜೊತೆ ಮೊದಲಿಂದ ಕಲಿ," ಎಂದರು. "ಬರ್ತೀಯೋ, ಬಿಡ್ತೀಯೋ, ನಿನ್ನಿಷ್ಟ." ಕೋಲು ಆಶಾರಾಣಿಯ ಎಡಗೈಗೆ ಹೋಯಿತು.

ಮನೆಯಲ್ಲಿ ಅಂದು ಅನಸೂಯಮ್ಮ ಎರಡು ಭಾಷೆಯಲ್ಲೂ ಬೈದಳು. ಗಂಡ ಶಿವಕುಮಾರ್ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಬೀಗ ಹಾಕಿಸುವ ಮಾತೂ ಎದ್ದಿತು. "ಪೆಟ್ಟಾಗಿರೋದು ನನ್ನ ಕೈಗೆ, ನಾನೇ ಹೋಗ್ತೀನಿ ಅಂದ್ಮೇಲೆ ನಿಮ್ಗೇನತ್ತೆ?" ಎಂದು ಅದನ್ನು ನಿಲ್ಲಿಸಿದವಳೂ ಆಶಾರಾಣಿಯೇ.

ಮರುದಿನ ಮುನಿಲಕ್ಷ್ಮಿ ಹೋಗುವುದಿಲ್ಲ ಎಂದುಕೊಂಡಳು. ಆಮೇಲೆ ಶೆಡ್ಡು ನಮ್ಮದೇ ಅಲ್ಲವಾ, ನಾನ್ಯಾಕೆ ಹೆದರಲಿ ಎಂದುಕೊಂಡಳು. ಕೊನೆಗೆ ಹೋಗಿ ಕೊನೆಯ ಸಾಲಿನಲ್ಲಿ ನಿಂತಳು. ಕೋಲು ಮೂರು ಸಲ ಕುಟ್ಟಿತು. ಮೊದಲು ಬೀಳುವುದು, ಆಮೇಲೆ ಹೆಜ್ಜೆ, ಆಮೇಲೆ ಪಟ್ಟು. ಎಲ್ಲರೂ ಜೋಡಿಯಾದರು. ಮುನಿಲಕ್ಷ್ಮಿಗೆ ಜೋಡಿ ಸಿಗಲಿಲ್ಲ. ಪಕ್ಕದಲ್ಲಿದ್ದವರು ಒಬ್ಬೊಬ್ಬರೇ ಆಚೆ ಸರಿದಿದ್ದರು. ಅವಳ ಕೈಗೆ ಕೈ ಕೊಡಲು ಯಾರಿಗೂ ಧೈರ್ಯವಿರಲಿಲ್ಲ. ಐದು ವರ್ಷ ಕಟ್ಟಿದ್ದು ಇದಕ್ಕಾ ಎಂದು ಕೇಳಹೋದರೆ ಅವಳ ಬಾಯಿ ಕಟ್ಟಿತು. ಬಸ್ಸಿನಲ್ಲಿ ಕಟ್ಟಿದ ಹಾಗೆಯೇ.

ಆಶಾರಾಣಿ ಕೋಲನ್ನು ಗೋಡೆಗೆ ಒರಗಿಸಿ ನೇರವಾಗಿ ಕೊನೆಯ ಸಾಲಿಗೆ ಬಂದಳು. ಬಲಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಇನ್ನೂ ಪೂರ್ತಿ ಊತ ಇಳಿಯದ ಆ ಮಣಿಕಟ್ಟನ್ನೇ ಮುಂದೆ ಚಾಚಿದಳು.

"ಹಿಡಿ ಅಕ್ಕ."

ಮುನಿಲಕ್ಷ್ಮಿ ಹಿಡಿದಳು. ಹೆಬ್ಬೆರಳಿನ ಕೆಳಗೆ ಓರಗಿತ್ತಿಯ ನಾಡಿ ಹೊಡೆದುಕೊಳ್ಳುತ್ತಿತ್ತು, ತನ್ನದೂ ಅಷ್ಟೇ. ತಿರುವಲು ಶುರು ಮಾಡುವ ಮೊದಲೇ ಬೆರಳು ತಾವಾಗಿ ಸಡಿಲವಾಗಿ ಕೈ ಬಿಟ್ಟುಹೋಯಿತು. ಕಣ್ಣಲ್ಲಿ ನೀರು ತುಂಬಿ ಎದುರಿನವಳ ಮುಖ ಕಾಣದಾಯಿತು.

"ನಾನಿನ್ನೂ ತಟ್ಟೇ ಇಲ್ಲ ಅಕ್ಕ," ಎಂದಳು ಆಶಾರಾಣಿ, ಪಕ್ಕಾ ಮೇಷ್ಟ್ರ ದನಿಯಲ್ಲಿ. "ಸರಿಯಾಗಿ ಹಿಡಿ."

ಏನು ಗತ್ತು ಇವಳದು ಎಂದು ಮುನಿಲಕ್ಷ್ಮಿಗೆ ಮತ್ತೆ ಒಂದು ಚೂರು ಹೊಟ್ಟೆ ಉರಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಸರಿಯಾಗಿ ಹಿಡಿದಳು. ತಟ್ಟುವುದನ್ನೇ ಕಾಯುತ್ತಾ ನಿಂತಳು.