ಬಾಗಿಲ ಹಿಂದಿನ ರಾಜಕುಮಾರ

ನಮ್ಮ ಅಕ್ಕನಷ್ಟು ಚೆನ್ನಾಗಿ ಕಥೆ ಹೇಳುವವರನ್ನು ನಾನು ಕಂಡಿಲ್ಲ. ಅವಳು ಕಥೆ ಹೇಳುತ್ತಿದ್ದುದು ಕಕ್ಕಸಿನೊಳಗಿಂದ ಎಂದರೆ ಜನ ನಗುತ್ತಾರೆ. ನಗಲಿ, ನನ್ನ ಗಂಟೇನೂ ಹೋಗುವುದಿಲ್ಲ. ಹಿತ್ತಲಿನ ಆ ತಗಡಿನ ಬಾಗಿಲು, ಹೊರಗಿನ ತಣ್ಣನೆಯ ಮೆಟ್ಟಿಲು, ಮೊಣಕಾಲಿನ ಮೇಲೆ ಗಲ್ಲ ಊರಿ ಕೂತ ನಾನು, ಒಳಗಿಂದ ಬರುತ್ತಿದ್ದ ಅವಳ ದನಿ. ಬಾಲ್ಯ ಎಂದರೆ ನನಗೆ ಮೊದಲು ನೆನಪಾಗುವುದು ಇದೇ.

ನಮ್ಮಿಬ್ಬರ ನಡುವೆ ಒಪ್ಪಂದವಿತ್ತು. ನಾನು ಕಾವಲು ಕೂರಬೇಕು, ಅಪ್ಪ ಬರುವುದು ಕಂಡರೆ ಕೆಮ್ಮಬೇಕು. ಅದಕ್ಕೆ ಕೂಲಿಯಾಗಿ ಅವಳು ಕಥೆ ಹೇಳಬೇಕು. ಕಥೆಯಲ್ಲಿ ಒಬ್ಬ ಸೋಮಾರಿ ರಾಜಕುಮಾರ, ಅವನಿಗಿಂತ ಸೋಮಾರಿಯಾದ ಒಂದು ಕುದುರೆ. ಕೆಲವು ದಿನ ಅವನು ನದಿಯವರೆಗೆ ಹೋಗಿ ವಾಪಸಾಗುತ್ತಿದ್ದ. ಕೆಲವು ದಿನ ನದಿ ದಾಟಿ, ಕಾಡು ದಾಟಿ, ಮದುವೆಯಾಗಿ, ಮಾವನ ಮನೆಯಲ್ಲಿ ಜಗಳ ತೆಗೆದು ಬರುತ್ತಿದ್ದ. ಮೆಟ್ಟಿಲ ಮೇಲೆ ಕೂತೊಡನೆ ನಾನು ಕೈ ಮುಗಿಯುತ್ತಿದ್ದೆ: ದೇವರೇ, ಇವತ್ತು ಕಥೆ ಉದ್ದ ಇರಲಿ.

ಅಕ್ಕ ಈಗ ಹೊಲಿಗೆ ಅಂಗಡಿ ನಡೆಸುತ್ತಾಳೆ. ಅವಳ ಕತ್ತರಿಗಿಂತ ನಾಲಿಗೆಯೇ ಹರಿತ ಎಂದು ಗಿರಾಕಿಗಳು ಹೇಳುವುದುಂಟು. ಈ ವರ್ಷ ಅವಳಿಗೆ ಮೈಯೆಲ್ಲ ತುರಿಕೆ ಶುರುವಾಯಿತು. ಅಳತೆಯ ಮರದ ಸ್ಕೇಲಿನಿಂದಲೇ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಆಮೇಲೆ ಕಣ್ಣು ಹಳದಿಯಾಯಿತು. ಲಿವರ್ ಡಾಕ್ಟರು ಸ್ಕ್ಯಾನ್ ಮಾಡಿಸಿ, ಪಿತ್ತ ಹರಿಯುವ ನಾಳಗಳು ಅಲ್ಲಲ್ಲಿ ಕಿರಿದಾಗಿವೆ, ದೇಹ ತನ್ನ ಮೇಲೆ ತಾನೇ ಯುದ್ಧಕ್ಕೆ ನಿಂತಿರಬಹುದು ಎಂದರು. ಜೊತೆಗೆ ನಾನೂ ಹೋಗಿದ್ದೆ. ಭೇದಿ, ಹೊಟ್ಟೆನೋವು, ರಕ್ತ ಹೋಗುವುದು ಏನಾದರೂ ಇದೆಯೇ ಎಂದು ಅವರು ಕೇಳಿದಾಗ ಅಕ್ಕ ದಾರ ಕಡಿದ ಹಾಗೆ ‘ಇಲ್ಲ’ ಎಂದಳು. ನಾನೂ ನಂಬಿದೆ.

ನಾನಿರುವುದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ರೋಗಾಣುವನ್ನು ಹೊಡೆಯಬೇಕಾದ ಪ್ರತಿಕಾಯಗಳು ದಾರಿ ತಪ್ಪಿ ಸ್ವಂತ ದೇಹಕ್ಕೇ ಅಂಟಿಕೊಳ್ಳುತ್ತವಲ್ಲ, ಅವನ್ನು ಹುಡುಕುವುದು ನನ್ನ ಕೆಲಸ. ಗಾಜಿನ ಮೇಲೆ ಬಿಳಿ ರಕ್ತಕಣಗಳಿರುತ್ತವೆ. ಅದರ ಮೇಲೆ ರೋಗಿಯ ರಕ್ತದ ತಿಳಿ, ಆಮೇಲೆ ಹೊಳೆಯುವ ಬಣ್ಣ. ನೋಡುವುದು ಕತ್ತಲೆ ಕೋಣೆಯಲ್ಲಿ. ಪ್ರತಿ ಗಾಜನ್ನೂ ಇಬ್ಬರು ನೋಡಬೇಕು, ಇಬ್ಬರೂ ನೋಡಿ ಮುಗಿಸುವವರೆಗೆ ಬಾಯಿ ಬಿಡುವಂತಿಲ್ಲ. ನನ್ನ ಜೊತೆಗಾರರು ನಮ್ಮ ಹಿರಿಯ ಟೆಕ್ನೀಷಿಯನ್. ಕತ್ತಲೆ ಬಿಟ್ಟು ಹೊರಗೆ ಬರುವುದೇ ಇಲ್ಲವೆಂದು ಅವರಿಗೆ ಬಾವಲಿ ಎಂದು ಹೆಸರಿಟ್ಟಿದ್ದೇವೆ, ಅವರಿಗೂ ಅದು ಗೊತ್ತು.

ಅಕ್ಕನ ಗಾಜು ಬಂದ ದಿನ ನಾನು ಮೊದಲು ನೋಡಿದೆ. ಕಣದ ನಡುವಿನ ಬೀಜದ ಅಂಚಿಗೆ ಸುತ್ತಲೂ ಹಸಿರು ಉಂಗುರ, ದಾರಿ ತಪ್ಪಿದ ಪ್ರತಿಕಾಯಗಳು ಅಂಟಿಕೊಂಡ ಗುರುತು. ಬಾವಲಿಯವರೂ ನೋಡಿದರು, ಅದನ್ನೇ ಹೇಳಿದರು. ಇದೊಂದನ್ನೇ ಹಿಡಿದು ರೋಗಕ್ಕೆ ಹೆಸರಿಡಲಾಗದು ಎಂಬುದು ನಮಗಿಬ್ಬರಿಗೂ ಗೊತ್ತು. ಯಾರ ರಕ್ತವೆಂದು ಅವರಿಗೆ ತಿಳಿದಿರಲಿಲ್ಲ, ಚೀಟಿಯಲ್ಲಿ ಲಿವರ್ ವಿಭಾಗ ಎಂದಷ್ಟೇ ಇತ್ತು.

“ಲಿವರ್ ಪೇಷಂಟ್ ಅಲ್ವಾ? ಕರುಳು ನೋಡಿದಾರಾ ಕೇಳಮ್ಮ. ಇಂಥವರಲ್ಲಿ ಸುಮಾರು ಜನಕ್ಕೆ ಕರುಳಲ್ಲೂ ಹುಣ್ಣಿರತ್ತೆ. ನೋಡದೆ ಬಿಟ್ರೆ ಒಂದಿನ ಕ್ಯಾನ್ಸರ್ ಆಗಿ ಕೂತಿರತ್ತೆ.”

ಕರುಳೇನೂ ಇಲ್ಲ, ಕೇಳಿದ್ದಾರೆ ಎನ್ನಲು ಬಾಯಿ ತೆರೆದೆ. ಆ ಕತ್ತಲೆಯಲ್ಲಿ ತಗಡಿನ ಬಾಗಿಲು ಕಣ್ಣ ಮುಂದೆ ಬಂತು. ಸಿನಿಮಾದಲ್ಲಿ ಸದಾ ಕೊನೆಯ ಕುರ್ಚಿ ಹಿಡಿಯುತ್ತಿದ್ದ ಅಕ್ಕ. ಪ್ರಯಾಣವೆಂದರೆ ಹಿಂದಿನ ದಿನದಿಂದಲೇ ಉಪವಾಸ ಬೀಳುತ್ತಿದ್ದ ಅಕ್ಕ. ಹೊಟ್ಟೆಯ ವಿಷಯ ಹೊರಗೆ ಆಡಿದರೆ ನಿನ್ನನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅವಳನ್ನು ಗದರುತ್ತಿದ್ದ ಅಮ್ಮ. ರಾಜಕುಮಾರ ಕಾಡು ದಾಟಿದ ದಿನಗಳೆಲ್ಲ ಅವಳು ಒಳಗೆ ಹೊಟ್ಟೆ ಹಿಡಿದು ಮುದುಡಿ ಕೂತ ದಿನಗಳು. ನರಳುವುದು ಕೇಳಿಸಬಾರದೆಂದು ಕಥೆ ಹೇಳುತ್ತಿದ್ದಳು. ನಾನು ಹೊರಗೆ ಕೂತು, ಇನ್ನೂ ಉದ್ದ ಇರಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ.

ಸಂಜೆ ನೇರ ಅಕ್ಕನ ಮನೆಗೆ ಹೋದೆ. ಭಾವ ತರಕಾರಿ ಹೆಚ್ಚುತ್ತಿದ್ದರು. ಅವಳು ಬಚ್ಚಲಲ್ಲಿದ್ದಾಳೆ, ಈಗಷ್ಟೇ ಹೋದಳು ಎಂದರು. ಟೀ ಕುಡಿದೆ, ಲೋಟ ತೊಳೆದಿಟ್ಟೆ. ಅವಳು ಇನ್ನೂ ಬಂದಿರಲಿಲ್ಲ. ನಾನು ಹೋಗಿ ಬಾಗಿಲ ಹೊರಗೆ ನೆಲದ ಮೇಲೆ ಕೂತೆ.

“ಅಕ್ಕಾ, ಕಥೆ ಹೇಳು.”

ಒಳಗೆ ನಲ್ಲಿ ನಿಂತಿತು.

“ಯಾವಾಗಿಂದ ಗೊತ್ತೇ ನಿಂಗೆ?”

“ಇವತ್ತಿಂದ.”

“ರಕ್ತನೂ ಹೋಗತ್ತೆ ಕಣೇ,” ಎಂದಳು. “ಎದುರಿಗೆ ಕೂತು ಹೇಳಕ್ಕೆ ನನ್ ಕೈಲಿ ಆಗಲ್ಲ.”

ಹಾಗಾದರೆ ಬಾಗಿಲು ತೆಗೆಯಬೇಡ, ಅಲ್ಲಿಂದಲೇ ಹೇಳು ಎಂದೆ. ಅವಳು ಹೇಳಿದಳು. ರಾಜಕುಮಾರನಿಲ್ಲದ ಆ ಕಥೆಯನ್ನು ನಾನು ಮೊದಲ ಸಲ ಕೇಳಿದೆ. ಅಡುಗೆಮನೆಯಲ್ಲಿ ಭಾವನ ಚಾಕುವಿನ ಸದ್ದು ನಿಂತಿತ್ತು.

ಕ್ಯಾಮೆರಾ ಇಳಿಸಿ ನೋಡಿದಾಗ ಕರುಳಿನ ತುಂಬ ಹುಣ್ಣು, ಪುಣ್ಯಕ್ಕೆ ಕ್ಯಾನ್ಸರ್ ಇರಲಿಲ್ಲ. ಲಿವರಿನ ರೋಗ ಬಿಟ್ಟು ಹೋಗುವಂಥದ್ದಲ್ಲ, ಎರಡನ್ನೂ ಜೀವನಪೂರ್ತಿ ಕಾಯುತ್ತಿರಬೇಕು. ಆದರೆ ಕರುಳು ಔಷಧಿಗೆ ಬಗ್ಗಿತು.

ಮೊನ್ನೆ ಹೋಗಿದ್ದಾಗ ಅಕ್ಕ ಬಚ್ಚಲಿಗೆ ಹೊರಟಳು. ನಾನೂ ಹಿಂದೆಯೇ ಹೋಗಿ ಬಾಗಿಲ ಹೊರಗೆ ಕೂತೆ. ಮಂಡಿನೋವಿನವಳು ನೆಲದ ಮೇಲೆ ಕೂರುತ್ತೀಯಲ್ಲ ಎಂದು ಬೈದಳು. ಬೈದು ಶುರುಮಾಡಿದಳು, ಅದೇ ದನಿಯಲ್ಲಿ: ಒಂದೂರಲ್ಲಿ ಒಬ್ಬ ಸೋಮಾರಿ ರಾಜಕುಮಾರ ಇದ್ದ, ಅವನಿಗಿಂತ ಸೋಮಾರಿಯಾದ ಒಂದು ಕುದುರೆ ಇತ್ತು. ನಾನು ಮೊಣಕಾಲಿನ ಮೇಲೆ ಗಲ್ಲ ಊರಿದೆ.

ಬಾಗಿಲು ತೆರೆಯಿತು. ಕೈ ಒರೆಸಿಕೊಳ್ಳುತ್ತ ಅಕ್ಕ ಹೊರಗೆ ಬಂದಳು.

ರಾಜಕುಮಾರ ಇನ್ನೂ ಕುದುರೆ ಹತ್ತಿರಲಿಲ್ಲ.